ಕಿವಿಯಲ್ಲಿ ಹೇಳಿದ ಸಿನಿಮಾ

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹೊಸ ಕೆಲಸದಲ್ಲಿ ಇಡೀ ದಿನ ನಿಂತೇ ಇರಬೇಕಂತೆ, ನಿನ್ನ ಗೆಳತಿ ಹೇಳಿದಳು. ನೀನಾಗಿ ಹೇಳಲಿಲ್ಲ, ಇರಲಿ. ಚಪ್ಪಲಿ ಅಂಗಡಿಯಲ್ಲಿ ಜೀವ ತೇಯುತ್ತಿರುವವಳ ಮಾತು ಕೇಳು, ತೆಳು ಅಟ್ಟೆಯ ಚಪ್ಪಲಿ ಹಾಕಬೇಡ. ನೋಡಲು ಚೆಂದ, ಸಂಜೆಗೆ ಪ್ರಾಣ ತಿನ್ನುತ್ತದೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಬಿ.ಪಿ. ಹಿಡಿತದಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕಣ್ಣು ಹಾಗೆಯೇ ಇದೆ. ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಕಾಣುತ್ತದೆ, ಅಷ್ಟೆ.

ನೀನು ಹೋದ ಮೇಲೆ ಅಪ್ಪ ಶನಿವಾರದ ಸಿನಿಮಾ ಬಿಟ್ಟೇಬಿಟ್ಟಿದ್ದ. ಜೀವನವಿಡೀ ಟಾಕೀಸಿನಲ್ಲಿ ರೀಲು ಓಡಿಸಿದ ಮನುಷ್ಯ ಶನಿವಾರ ಸಂಜೆ ಗೋಡೆಗೆ ಮುಖ ಮಾಡಿ ಕೂತರೆ ಯಾರಿಗೆ ನೋಡಲಾಗುತ್ತದೆ ಹೇಳು. ಕೊನೆಗೆ ನಾನೇ ಎಳೆದುಕೊಂಡು ಹೊರಟೆ. ವಾಚನಾಲಯದ ಮೇಲಿನ ಫಿಲ್ಮ್ ಕ್ಲಬ್ಬಿನ ಅದೇ ಕೋಣೆ, ಕಿರ್ರೆನ್ನುವ ಅದೇ ಮಡಚುವ ಕುರ್ಚಿಗಳು. ನೀನು ಪಕ್ಕದಲ್ಲಿ ಕೂತು, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ನಮ್ಮ ಮಾತಿಗೆ ತಿರುಗಿಸಿ ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದೆಯಲ್ಲ, ಅದೇನು ಮಹಾ ಎಂದುಕೊಂಡಿದ್ದೆ. ಅಯ್ಯೋ, ಸಾಕಪ್ಪಾ ಸಾಕು! ನಾನು ಒಂದು ಸಾಲು ಓದಿ, ಅರ್ಥ ಮಾಡಿಕೊಂಡು, ಬಾಯಿಗೆ ತರುವಷ್ಟರಲ್ಲಿ ಅತ್ತ ಮೂರು ಸಾಲು ಓಡಿಹೋಗಿರುತ್ತಿತ್ತು. ಸುಮ್ಮನಾದರೆ ಅಪ್ಪ ಮೊಣಕೈಯಿಂದ ತಿವಿಯುತ್ತಿದ್ದ. "ನೀನೂ ಬಾಯಿ ಮುಚ್ಕೊಂಡ್ರೆ ನಂಗೇನು ಕಾಣ್ಸುತ್ತೆ ಪುಟ್ಟಿ?" ಅಂತ.

ಮೊದಲು ನೋಡಿದ್ದು ಜಪಾನಿನದು. ಗಂಡ ಸತ್ತ ಮುದುಕಿಯೊಬ್ಬಳು ಈಜು ಕಲಿಯುತ್ತಾಳೆ. ಕತೆ ಅಷ್ಟೇ, ಆದರೆ ಅವಳು ಕೊಳದ ದಂಡೆಯಲ್ಲಿ ಚಪ್ಪಲಿ ಬಿಟ್ಟು, ಹೊರಡುವಾಗ ಸಲೀಸಾಗಲಿ ಎಂದು ಅದರ ಮೂತಿಯನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದಳು. ನನಗೆ ಅದೇ ಇಷ್ಟವಾಯಿತು, ಅದನ್ನೇ ಹೇಳಿದೆ. "ಚಪ್ಪಲಿ ಬಿಟ್ಟು ಮುಖ ನೋಡೇ" ಎಂದು ಅಪ್ಪ ಬೈದ. ಆಮೇಲೆ ನೋಡಿದ್ದು ಸೆನೆಗಲ್ ದೇಶದ್ದು. ಬಯಲಿನಲ್ಲಿ ಕೆಟ್ಟು ನಿಂತ ಬಸ್ಸು, ಒಬ್ಬರಿಗೊಬ್ಬರು ಆಗದ ಪ್ರಯಾಣಿಕರು, ಸಂಜೆಯ ಹೊತ್ತಿಗೆ ಒಂದೇ ಮನೆಯವರ ಹಾಗೆ ಜಗಳ! ನಿನಗೆ ಬಹಳ ಹಿಡಿಸುತ್ತಿತ್ತು. ಜಾರ್ಜಿಯಾದ್ದಂತೂ ಕೇಳಬೇಡ. ಅಣ್ಣತಮ್ಮಂದಿರಿಬ್ಬರು ಸಿನಿಮಾ ಪೂರ್ತಿ ಒಂದು ಪಿಯಾನೋವನ್ನು ಮೆಟ್ಟಿಲು ಹತ್ತಿಸುತ್ತಾರೆ, ಇಬ್ಬರೂ ಒಟ್ಟೊಟ್ಟಿಗೆ ಮಾತಾಡುತ್ತಾರೆ. ಓದಿ ಓದಿ ತಲೆಕೆಟ್ಟು, ನನ್ನ ಬಾಯಿಗೆ ಬಂದ ಬೈಗುಳಗಳನ್ನೇ ಅವರ ಬಾಯಿಗೆ ಹಾಕಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನೀನು ಹೋದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು. ನನ್ನ ನಾಲಿಗೆಗೆ ಸಲಿಗೆ ಸಿಕ್ಕಿದ್ದು ಅಲ್ಲಿಂದಲೇ.

ನಿನ್ನೆಯದು ಐಸ್‌ಲ್ಯಾಂಡಿನ ಸಿನಿಮಾ. ಮೀನು ಹಿಡಿಯುವ ಅಪ್ಪ, ಮಗಳು. ಗಾಳಿ ಜೋರಾಗಿದೆ, ಬೇಡ ಎಂದು ಅಪ್ಪ ಅನ್ನುತ್ತಾನೆ. ಏನೂ ಆಗಲ್ಲ, ಬಾ ಎಂದು ಮಗಳು ದೋಣಿ ಇಳಿಸುತ್ತಾಳೆ. ಬಲೆಯ ಹಗ್ಗಕ್ಕೆ ಸಿಕ್ಕಿ ಅಪ್ಪನ ಕೈ ಹೋಗುತ್ತದೆ. ಅಲ್ಲಿಂದಾಚೆ ಅವನು ಮಗಳ ಜೊತೆ ಮಾತು ಬಿಡುತ್ತಾನೆ. ಅಕ್ಕಾ, ನನಗೆ ಯಾರ ನೆನಪಾಯಿತು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕಣ್ಣಿನ ಆಪರೇಷನ್ ಮಾಡಿಸೋಣ ಎಂದು ಹಟ ಹಿಡಿದವಳು ನೀನು, ಅದು ಕೈಕೊಟ್ಟು ಕಣ್ಣು ಹಾಳಾದ ಮೇಲೆ ಹಗಲೂ ರಾತ್ರಿ ನೋಡಿಕೊಂಡವಳೂ ನೀನು. ಆದರೂ ಆ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪ, "ನಿನ್ನ ಮಾತು ಕೇಳಿ ಕಣ್ಣು ಕಳ್ಕೊಂಡೆ" ಅಂದುಬಿಟ್ಟ. ನೀನು ಬಟ್ಟೆ ತುಂಬಿಕೊಂಡು ಹೊರಟುಹೋದೆ. ನಾನು ಕಂಬದ ಹಾಗೆ ನಿಂತಿದ್ದೆ.

ಸಿನಿಮಾದ ಕೊನೆಯಲ್ಲಿ ಮಗಳು ಚೀಲ ಹಿಡಿದು ದೋಣಿಕಟ್ಟೆಗೆ ಬರುತ್ತಾಳೆ. ಅಪ್ಪ ಅವಳ ಕಡೆ ತಿರುಗುತ್ತಾನೆ. ನಮ್ಮಪ್ಪ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೆಳಗೆ ಬಂದ ಸಾಲು, "ಹೋಗು. ನಿನ್ನನ್ನು ಕ್ಷಮಿಸಲು ನನ್ನಿಂದಾಗದು." ನಾನು ಅಪ್ಪನ ಕಿವಿಯಲ್ಲಿ ಹೇಳಿದ್ದು, "ತಪ್ಪು ನಿಂದಲ್ಲ ಮಗಳೇ. ಮನೆಗೆ ಬಾ." ಬೇಕೆಂದೇ ಹೇಳಿದೆ. ಅಪ್ಪ ಹಿಡಿದ ಕೈ ಬಿಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ನಿನಗೆ ಬರೆಯುತ್ತಲೂ ಇರಲಿಲ್ಲವೇನೋ. ಸಿನಿಮಾ ಆದ ಮೇಲೆ ಚಹಾ ಹಿಡಿದುಕೊಂಡು ಎಲ್ಲರೂ ಅಭಿಪ್ರಾಯ ಹೇಳುತ್ತಾರಲ್ಲ, ಯಾವತ್ತೂ ಬಾಯಿ ಬಿಡದ ಅಪ್ಪ ನಿನ್ನೆ ಎದ್ದು ನಿಂತ. ನಾನು ಅಂಗಿ ಜಗ್ಗಿದೆ, ಕೂರಲಿಲ್ಲ. "ಕೊನೇಲಿ ಆ ಅಪ್ಪ ಮಗಳಿಗೆ, ತಪ್ಪು ನಿಂದಲ್ಲ, ಮನೆಗೆ ಬಾ ಅಂದ್ನಲ್ಲ, ಆ ಒಂದು ಮಾತಿಗೆ ಈ ಸಿನಿಮಾ ಸಾರ್ಥಕ" ಅಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕ್ಲಬ್ಬಿನ ಕಾರ್ಯದರ್ಶಿ ಒಳ್ಳೆಯವರೇ, ಪಾಪ, ಮೆಲ್ಲಗೆ ಹೇಳಿದರು: "ಆಪರೇಟರ್ ಸಾಹೇಬ್ರೇ, ಅವನು ಅದಕ್ಕೆ ತದ್ವಿರುದ್ಧ ಹೇಳಿದ್ದು." ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ತಪ್ಪೊಪ್ಪಿಕೊಳ್ಳಬೇಕಿತ್ತು. ತಲೆ ತಗ್ಗಿಸಿ ಚಹಾ ಕುಡಿದೆ. ಅಪ್ಪನೇ, "ವಯಸ್ಸಾಯ್ತು ನೋಡಿ, ನನ್ನ ಕಿವೀನೂ ಕೈಕೊಡ್ತಿದೆ" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಕೂತ. ಆ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ದಾರಿಯುದ್ದಕ್ಕೂ ಅಪ್ಪನನ್ನು ಕೈಹಿಡಿದು ನಡೆಸುತ್ತಾ ನನ್ನನ್ನೇ ಬೈದುಕೊಂಡೆ. ಕಣ್ಣಿಲ್ಲದವನು ನಂಬಿ ಕಿವಿ ಕೊಟ್ಟಿದ್ದ, ಅದರಲ್ಲೂ ನಾನು ಮೋಸ ಮಾಡಿದೆ. ನಾಲ್ಕು ಜನರೆದುರು ಅವನನ್ನು ನಗೆಪಾಟಲು ಮಾಡಿದೆ. ಇನ್ನೂ ನಾಚಿಕೆಗೇಡಿನ ಮಾತೊಂದಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು. ನಿಮ್ಮಿಬ್ಬರನ್ನು ಒಂದು ಮಾಡುವ ದೊಡ್ಡಗುಣದಿಂದ ನಾನು ಹಾಗೆ ಹೇಳಲಿಲ್ಲ ಅಕ್ಕಾ. ಅಂಗಡಿ, ಮನೆ, ಔಷಧಿ, ಅಪ್ಪನ ಗೊಣಗಾಟ, ಇದೆಲ್ಲ ಒಬ್ಬಳಿಗೇ ಸಾಕುಸಾಕಾಗಿದೆ. ನೀನು ಬಂದರೆ ಅರ್ಧ ಭಾರ ನಿನ್ನ ಹೆಗಲಿಗೆ ಜಾರಿಸಬಹುದು ಎಂಬ ಆಸೆಯಿಂದ ಹೇಳಿದೆ. ಬೈಯುವುದಾದರೆ ಬೈದುಬಿಡು, ಬೈಗುಳ ಕೇಳಲಾದರೂ ನಿನ್ನ ದನಿ ಕೇಳಿದಂತಾಗುತ್ತದೆ.

ಹೊತ್ತುಹೊತ್ತಿಗೆ ಊಟ ಮಾಡು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ನಿನ್ನ ಗೆಳತಿಗೆ ನನ್ನ ನೆನಪು ಹೇಳು.

ನಿನ್ನ ಮುಂದೆ ತಲೆ ತಗ್ಗಿಸಿ ಕೂತಿರುವ ತಂಗಿ,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು, ಯಾರಿಗೆ ಬರೀತಿದ್ದೀಯ ಎಂದ. ಹೇಳಿದೆ. ಓದು ಎಂದ. ಅತ್ತುಕೊಂಡೇ ಪೂರ್ತಿ ಓದಿದೆ. ಅವನು ಬೈಯಲಿಲ್ಲ. "ಸಿನಿಮಾದ ಅಪ್ಪ ಹಾಗನ್ನಲಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಕಣೇ. ಆ ದನೀಲಿ ಯಾರೂ ಮಗಳನ್ನ ಮನೆಗೆ ಕರೆಯಲ್ಲ. ನಾನೂ ಅವತ್ತು ಅದೇ ದನೀಲೇ ಮಾತಾಡಿದ್ದೆ" ಅಂದ. ಮತ್ತೆ ಯಾಕಪ್ಪಾ ಎದ್ದು ನಿಂತೆ ಎಂದರೆ, "ಆ ಮಾತು ನನ್ನ ಬಾಯಲ್ಲಿ ಬರುತ್ತೋ ಇಲ್ವೋ ನೋಡಬೇಕಿತ್ತು" ಅಂದ. ಈಗ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾನೆ. ಒಂದಕ್ಷರವನ್ನೂ ಬದಲಾಯಿಸಿಲ್ಲ, ನಿನ್ನಾಣೆ: "ತಪ್ಪು ನಿಂದಲ್ಲ ಮಗಳೇ. ಮನೆಗೆ ಬಾ."