ವಾರಸುದಾರರಿಲ್ಲದ ಬ್ಯಾಗು

ಜೂನ್ 3, ಮಂಗಳವಾರ
ಇವತ್ತೂ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಅದೇ ಪಾಠ. "ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ." ಗಂಟಲು ಹೋಯಿತು. ಭಯೋತ್ಪಾದನೆ ತಡೆಯುವ ಸುತ್ತೋಲೆ ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಹಾಸನಕ್ಕೆ, ಹಾಸನದಿಂದ ನಮ್ಮ ಸ್ಟೇಷನ್ನಿಗೆ ಇಳಿದು ಕೊನೆಗೆ ಕೂತದ್ದು ನನ್ನ ತಲೆ ಮೇಲೆ. ಕಾನ್‌ಸ್ಟೇಬಲ್ ಕೆಳಗೆ ಇನ್ನು ಯಾರೂ ಇಲ್ಲವಲ್ಲ!

ಹನ್ನೆರಡನೇ ತಾರೀಖು ಮಾಕ್ ಡ್ರಿಲ್. ಡಮ್ಮಿ ಬಾಂಬ್ ಇಡುತ್ತಾರೆ, ಜನ ತಾವಾಗಿ ತಿಳಿಸಬೇಕು. ಇನ್ಸ್‌ಪೆಕ್ಟರ್ ಗಂಗಾಧರಪ್ಪ ಸಾಹೇಬರು, "ಶ್ಯಾಮಲಾ, ಒಬ್ರಾದ್ರೂ ಫೋನ್ ಮಾಡಿದ್ರೆ ನಿನ್ ಬೇಲೂರು ಟ್ರಾನ್ಸ್‌ಫರ್‌ಗೆ ನಾನೇ ಬರೀತೀನಮ್ಮ" ಅಂದರು. ಬೇಲೂರು ಸಿಕ್ಕರೆ ಅಲ್ಲೇ ಪಕ್ಕದ ಬಿಕ್ಕೋಡಿನಲ್ಲಿ ಅಮ್ಮನ ಹತ್ತಿರ ಬಿಟ್ಟಿರುವ ಮಗಳು ಅಕ್ಷತಾ ದಿನಾ ನನ್ನ ಪಕ್ಕ ಮಲಗುತ್ತಾಳೆ. ದೇವರೇ, ಒಂದೇ ಒಂದು ಫೋನ್...

ಜೂನ್ 12, ಸಂಜೆ
ಮಾನ ಹೋಯಿತು.

ಕಣಕಟ್ಟೆ ಬಸ್ ನಿಲ್ಲುವ ಕಡೆ ಬೆಂಚಿನ ಮೇಲೆ ಕಪ್ಪು ಬ್ಯಾಗ್ ಇಟ್ಟರು. ನಾನು ಮಫ್ತಿಯಲ್ಲಿ. ಒಂದು ಫೋನೂ ಇಲ್ಲ. ಯಾರೋ ಜಾಗ ಹಿಡಿದಿದ್ದಾರೆ ಅಂತ ಜನ ಪಕ್ಕದಲ್ಲೇ ಒತ್ತಿಕೊಂಡು ಕೂತರು! ಕಣಕಟ್ಟೆಯ ವಿಶಾಲಮ್ಮ ಅನ್ನುವವರಂತೂ, ಪಾಪ ಬಿಸಿಲು ಬೀಳುತ್ತೆ ಅಂತ ಅದನ್ನು ನೆರಳಿಗೆ ಎಳೆದು ಕಾವಲು ಕೂತರು. ತಮ್ಮ ಬಸ್ಸನ್ನೂ ಬಿಟ್ಟರು.

ಕಮಾಂಡೋಗಳು ಗನ್ ಹಿಡಿದು ಸುತ್ತುವರಿದರೆ ವಿಶಾಲಮ್ಮ ಬ್ಯಾಗನ್ನು ತಬ್ಬಿಕೊಂಡರು.

"ನಿಮ್ದಾ? ಅಂಗಾರೆ ಒಳಗೇನೈತೆ ಹೇಳ್ರೀ ಮೊದ್ಲು!"

"ಬಾಂಬ್ ಕಣಮ್ಮಾ!"

"ಬಾಂಬ್ ಇಟ್ಕಂಡು ಯಾರಾದ್ರೂ ಕಣಕಟ್ಟೆ ಬಸ್ಸಿಗೆ ಬತ್ತಾರಾ? ಹೋಗಪ್ಪ ಅತ್ಲಾಗೆ. ಬ್ಯಾಗಿನೋರು ಬರ್ಲಿ, ಅವ್ರ ಕೈಗೇ ಕೊಡ್ತೀನಿ."

ಎಳೆದಾಟದಲ್ಲಿ ಬ್ಯಾಗಿನ ಹಿಡಿ ಕಿತ್ತು ಬಂತು. ಡ್ರಿಲ್ ನೋಡಲು ಬಂದಿದ್ದ ಹಾಸನದ ಸಾಹೇಬರು ನನ್ನ ಕಡೆ ತಿರುಗಿ, "ಇದೇನಾ ನೀನು ಜನಕ್ಕೆ ಹೇಳ್ಕೊಟ್ಟಿದ್ದು?" ಅಂದರು. ಬೇಲೂರು ಕೈತಪ್ಪಿತು. ಅಕ್ಷತಾಗೆ ಫೋನ್ ಮಾಡುವುದಕ್ಕೂ ಮುಖವಿಲ್ಲ.

ಜೂನ್ 29, ಭಾನುವಾರ. ಬೇಲೂರು ಬಸ್ ಸ್ಟ್ಯಾಂಡ್
ಬಿಕ್ಕೋಡು ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಟ್ರಾನ್ಸ್‌ಫರ್ ಮುಂದಿನ ಡ್ರಿಲ್ ಆದಮೇಲೆ ನೋಡೋಣ ಅಂದಿದ್ದಾರೆ. ಈ ಸಲ ದಿನವನ್ನೂ ಹೇಳುವುದಿಲ್ಲವಂತೆ, ಊರನ್ನೂ ಹೇಳುವುದಿಲ್ಲವಂತೆ. ಏನಾದರೂ ಮಾಡಿಕೊಳ್ಳಲಿ.

ಇಲ್ಲಿ ಕೂರಲು ಜಾಗವಿಲ್ಲ. ಪಕ್ಕದಲ್ಲಿ ಯಾರದೋ ಬ್ಯಾಗು. "ಬತ್ತಾರೆ ಕಣ್ರೀ, ಇಲ್ಲೇ ಹೋಗವ್ರೆ" ಅಂತ ಇಬ್ಬರನ್ನು ವಾಪಸ್ ಕಳಿಸಿದೆ. ಪುಣ್ಯಾತ್ಮ ಎಲ್ಲಿ ಹೋದನೋ, ಇನ್ನೂ ಪತ್ತೆಯಿಲ್ಲ. ಬಿದ್ದುಹೋಗದಿರಲಿ ಅಂತ ತೊಡೆ ಮೇಲೆ ಇಟ್ಟುಕೊಂಡಿದ್ದೇನೆ. ಭಾರ ಇದೆ. ಕಪ್ಪು ಬ್ಯಾಗು. ಹಿಡಿ ಕಿತ್ತದ್ದನ್ನು ಬಿಳಿ ದಾರದಲ್ಲಿ ಹೊಲಿದಿದ್ದಾರೆ...

ಅಯ್ಯೋ ಶ್ಯಾಮಲಾ! ಫೋನ್... ನನ್ನ ಫೋನ್ ಎಲ್ಲಿ—