ಎಡಗೈ ಕಹಿ, ಬಲಗೈ ಜೇನು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಕೈ ತೊಳೆದಾಯಿತು. ವಾಸನೆಯಿಲ್ಲದ ಸೋಪು, ಮೇಲೊಂದು ಸಲ ಸ್ಪಿರಿಟ್, ಮತ್ತೆ ಸೋಪು. ಮೊಣಕೈವರೆಗೆ. ಲ್ಯಾಬಿಗೆ ಸೇರಿದ ದಿನದಿಂದ ಇದೇ ಪಾಡು. ಸುಗಂಧ ಮಾಡುವವರ ಮೈಗೆ ಸ್ವಂತ ವಾಸನೆ ಇರಬಾರದು ಎಂದು ಗೋಡೆಯ ಮೇಲೆ ಬೋರ್ಡೇ ಇದೆ.

ಈಗ ಕಾಯುವ ಅರ್ಧ ಗಂಟೆ. ಒಳಗೆ ಮೂಸಿ ತೀರ್ಪು ಹೇಳುವ ಪ್ಯಾನಲ್‌ನವರು ಹದಿನೇಳನೇ ನಂಬರಿನ ಪರಿಮಳವನ್ನು ಕೈಗೆ ಹಚ್ಚಿಕೊಂಡು ಕೂತಿದ್ದಾರೆ. ನನ್ನದು. ಜೇನು, ರಕ್ತಬೋಳ. ಬೋಳ ಎಂದರೆ ಮುಳ್ಳುಮರದ ಅಂಟು — ಕಂದು ಹರಳು, ಮೂಸಿದರೆ ಕಹಿ, ಹೊಗೆ, ಹಳೆಯ ಮರದ ಪೆಟ್ಟಿಗೆ. ಅದರ ಕಹಿಯ ಮೇಲೆ ಜೇನು ಕೂರಬೇಕು. ಸೀಸೆಯಲ್ಲಂತೂ ಕೂತಿದೆ. ನನ್ನಾಣೆಗೂ ಚೆನ್ನಾಗಿದೆ.

ಟೀ ಕುಡಿಯುವ ಹಾಗೂ ಇಲ್ಲ, ಮೂಗು ಕೆಡುತ್ತದೆ.

ಅದೇ ದಿನ ಸಂಜೆ, ಬಸ್ಸಿನಲ್ಲಿ

ನೀರಿನಲ್ಲಿ ಹೋಮ.

"ಜೇನು ಎಲ್ಲಿದೆ ತೋರಿಸ್ರೀ," ಅಂದರು ದೊಡ್ಡಮೂಗು. ನಮ್ಮ ಮುಖ್ಯಸ್ಥರು. ಎದುರಿಗೆ ಸರ್, ಈ ಡೈರಿಯಲ್ಲಿ ದೊಡ್ಡಮೂಗು. "ನಂಗೆ ಸಿಕ್ಕಿದ್ದು ಬರೀ ಔಷಧಿ ಅಂಗಡಿ. ಗಾಯಕ್ಕೆ ಬ್ಯಾಂಡೇಜ್ ಸುತ್ತಿಸ್ಕೊಂಡು ಬಂದ ಹಾಗಿದೆ."

ಎಲ್ಲರ ಕೈಯಲ್ಲೂ ಅದೇ. ನನ್ನ ಕೈಯಲ್ಲಿ ಇನ್ನೂ ಕಹಿ. ಜೇನು ಬಂದ ಹಾಗೆ ಮಾಡಿ ಓಡಿಹೋಗಿತ್ತು.

ಪಕ್ಕದ ಮೇಜಿನ ನಿಂಬೆಹಣ್ಣು ನಕ್ಕ. ಏನು ಮಾಡಿದರೂ ನಿಂಬೆಹಣ್ಣಿನ ಪರಿಮಳವನ್ನೇ ಮಾಡುವ ಮಹಾಶಯ. "ಮೇಡಂ, ಫಿನಾಯಿಲ್ ಸೆಕ್ಷನ್‌ನಲ್ಲಿ ನಿಮ್ ಕುರ್ಚಿ ಇನ್ನೂ ಹಾಗೇ ಇಟ್ಟಿದ್ದಾರಂತೆ!"

ಉರಿದುಹೋಯಿತು. ವರ್ಷಗಟ್ಟಲೆ ನೆಲ ಒರೆಸುವ ನೀರಿಗೆ ಪರಿಮಳ ಬೆರೆಸಿದವಳು ನಾನು. ಮನುಷ್ಯರು ಮೈಗೆ ಹಚ್ಚಿಕೊಳ್ಳುವಂಥದ್ದು ಇದೇ ಮೊದಲನೆಯದು. 28ಕ್ಕೆ ಕಂಪನಿಯ ಹೊಸ ಪರಿಮಳದ ಆಯ್ಕೆ. ಗೆದ್ದರೆ ಈ ಮೇಜು ಕಾಯಂ. ಇಲ್ಲದಿದ್ದರೆ ನಂಬರ್ ಹದಿನೇಳು ತಿರಸ್ಕಾರದ ಕಪಾಟಿಗೆ, ನಾನು ಫಿನಾಯಿಲಿಗೆ.

ಮೇಲೆ ಇನ್ನೊಂದು ಪದ್ಧತಿ. ಆಯ್ಕೆಯ ದಿನ ಮಾಡಿದವರೇ ಹಚ್ಚಿಕೊಂಡು ಒಳಗೆ ಹೋಗಬೇಕು. ನಾನು! ಈ ಕೈಯಲ್ಲಿ!

ಮಾರ್ಚ್ 5, ಸಂಜೆ

ನಿಧಾನವಾಗಿ ಬರೆಯಬೇಕು.

ಬಾಗಿಲು ತೆಗೆದೆ, ಮನೆ ತುಂಬ ಜೇನು. ಇವರು ತಮ್ಮ ಬೇಕರಿಯಿಂದ ಏನೋ ತಂದಿರಬೇಕು ಎಂದುಕೊಂಡು ಅಡುಗೆಮನೆಗೆ ಹೋದೆ. ಇಲ್ಲ. ಬಟ್ಟೆ ಒಗೆಯುವ ಕಡೆ? ಇಲ್ಲ. ಮೂಗು ಎಳೆದ ಕಡೆ ನಡೆದೆ — ಅತ್ತೆಯ ಕುರ್ಚಿಯ ಮುಂದೆ ನಿಂತೆ.

"ಏನಮ್ಮಾ ಹಾಗೆ ಮೂಸ್ತಾ ಇದ್ದೀಯ, ಪೊಲೀಸ್ ನಾಯಿ ಹಾಗೆ?"

"ಅತ್ತೆ, ಏನ್ ಹಚ್ಕೊಂಡಿದ್ದೀರಿ?"

"ನಿನ್ನ ಬ್ಯಾಗಲ್ಲಿ ಸೀಸೆ ಇತ್ತು. ವಾರಸುದಾರರಿಲ್ಲದ ಲಗೇಜು. ವಶಪಡಿಸ್ಕೊಂಡೆ."

ಕಂಡಕ್ಟರ್ ಕೆಲಸದಿಂದ ರಿಟೈರ್ ಆದರೂ ಮನೆ ಇನ್ನೂ ಅವರ ಬಸ್ಸೇ. ಕೈ ಹಿಡಿದು ಮೂಸಿದೆ. ಮೊದಲು ಕಹಿಯ ಒಂದು ಎಳೆ. ಅದರ ಹಿಂದೆಯೇ ಜೇನು — ಬಿಸಿಲಲ್ಲಿಟ್ಟ ಭರಣಿಯ ಮುಚ್ಚಳ ತೆಗೆದ ಹಾಗೆ. ಕೆಳಗೆ ಬೋಳ, ಶಾಂತವಾಗಿ, ಬೆಚ್ಚಗೆ. ಬೆಳಿಗ್ಗೆ ಹಚ್ಚಿಕೊಂಡದ್ದಂತೆ! ನಾನು ತಲೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಪರಿಮಳ ಇದೇ. ಇದೇ, ಇದೇ.

ಅತ್ತುಬಿಟ್ಟೆ. ಅತ್ತೆ ಗಾಬರಿಯಾದರು. "ಲೇ, ಸೀಸೆ ಅಷ್ಟು ದುಬಾರಿನಾ?"

ಮಾರ್ಚ್ 6, ಬೆಳಿಗ್ಗೆ

ಇವರು ಬೇಕರಿಯಿಂದ ಬಂದು ಕೂತ ಕೂಡಲೇ ಹಚ್ಚಿದೆ. ಇವರ ಕೈಯಲ್ಲೂ ಜೇನು, ಸ್ವಲ್ಪ ಅತಿಯಾಗಿಯೇ. ಬೆಣ್ಣೆ ಸವರಿದ ಬಿಸಿ ಬ್ರೆಡ್ಡಿನ ಮೇಲೆ ಸುರಿದ ಹಾಗೆ. ಮೂಸಿ ನನಗೇ ಹಸಿವಾಯಿತು.

"ಗಿರಾಕಿಗಳು ನನ್ನ ಕೈ ಕಚ್ಚಿದ್ರೆ ನೀನೇ ಜವಾಬ್ದಾರಿ," ಅಂದರು.

ನಾದಿನಿ ಈಜುಕೊಳದಿಂದ ಬಂದಳು. ಮಕ್ಕಳಿಗೆ ಈಜು ಕಲಿಸುತ್ತಾಳೆ, ದಿನವೆಲ್ಲ ನೀರಲ್ಲೇ. ಅವಳಿಗೂ ಹಚ್ಚಿದೆ. ಔಷಧಿ ಅಂಗಡಿ. ಪಕ್ಕಾ ಬ್ಯಾಂಡೇಜ್.

ಒಂದೇ ತಾಯಿಯ ಮಕ್ಕಳು. ಒಂದೇ ಸೀಸೆ. ತಲೆ ಕೆಟ್ಟುಹೋಯಿತು.

ಸಂಜೆ: ಹೊಳೆಯಿತು. ಬಿಸಿ! ಇವರು ಒಲೆಯ ಮುಂದೆ, ಅತ್ತೆ ಕಿಟಕಿಯ ಬಿಸಿಲಲ್ಲಿ, ನಾದಿನಿ ತಣ್ಣೀರಲ್ಲಿ. ನಮ್ಮ ಲ್ಯಾಬು ಏಸಿಯಲ್ಲಿ. ಗೆದ್ದೆ!

ಮಾರ್ಚ್ 10

ಗೆಲ್ಲಲಿಲ್ಲ. ಕಾಡಿ ಬೇಡಿ ಏಸಿ ಆಫ್ ಮಾಡಿಸಿದೆ. ಪ್ಯಾನಲ್‌ನವರೆಲ್ಲ ಬೆವರಿದರು. ಹದಿನೇಳನ್ನು ಹಚ್ಚಿಕೊಂಡರು. ಬಿಸಿ ಔಷಧಿ ಅಂಗಡಿ.

ದೊಡ್ಡಮೂಗು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಇನ್ನೇನ್ರೀ, ನಮ್ಮನ್ನ ಒಲೆ ಮೇಲೆ ಕೂರಿಸ್ತೀರಾ? ಇದರಿಂದ ಕೈ ತೊಳ್ಕೊಂಬಿಡಿ," ಅಂದರು. ಬೈಗುಳದ ದನಿಯಲ್ಲಲ್ಲ, ಮರುಕದ ದನಿಯಲ್ಲಿ. ಅದು ಇನ್ನೂ ಚುಚ್ಚಿತು.

ಬರುವಾಗ ತಿರಸ್ಕಾರದ ಕಪಾಟಿನ ಮುಂದೆ ನಿಂತೆ. ಸಾಲು ಸಾಲು ಸೀಸೆ, ಎಲ್ಲದರ ಮೇಲೂ ಧೂಳು. ಮೇಲಿನ ಮೂಲೆಯದು ದೊಡ್ಡಮೂಗಿನದೇ ಅಂತೆ, ಅವರು ಹುಡುಗರಾಗಿದ್ದಾಗ ಮಾಡಿದ್ದು. ತಮ್ಮ ಕೈಗೇ ಹಚ್ಚಿಕೊಂಡು, ತಾವೇ ಬೇಡವೆಂದು ಇಟ್ಟದ್ದಂತೆ. ಆಮೇಲೆ ಸ್ವಂತದ್ದು ಒಂದನ್ನೂ ಮಾಡಲಿಲ್ಲ. ಬೇರೆಯವರದ್ದನ್ನು ಮೂಸುತ್ತಾ ಮುಖ್ಯಸ್ಥರಾದರು.

ಮಾರ್ಚ್ 12, ಸಂಜೆ

ಸಿಕ್ಕಿತು!! ಈ ಸಲ ನಿಜವಾಗಿ.

ನಾದಿನಿ ತೋಳು ಕೆರೆದುಕೊಳ್ಳುತ್ತಾ ಕೂತಿದ್ದಳು. ಉಗುರು ಹೋದ ಕಡೆಯೆಲ್ಲ ಬಿಳಿ ಗೆರೆ. ಕೊಳದ ನೀರಿನ ಔಷಧಿ ಮೈಯ ಎಣ್ಣೆ ಪಸೆಯನ್ನೆಲ್ಲ ತಿಂದಿದೆ. ಸುಮ್ಮನೆ ನನ್ನ ತೋಳಿನ ಮೇಲೂ ಉಗುರು ಎಳೆದೆ. ಅದೇ ಬಿಳಿ ಗೆರೆ, ಸ್ಲೇಟಿನ ಮೇಲೆ ಬರೆದ ಹಾಗೆ. ಓಡಿಹೋಗಿ ಅತ್ತೆಯ ಕೈ ಹಿಡಿದು ಅದರ ಮೇಲೂ ಉಗುರು ಎಳೆದೆ. ಗೆರೆಯೇ ಇಲ್ಲ! ವರ್ಷಾನುಗಟ್ಟಲೆ ಬಸ್ಸಿನ ಕಂಬಿ ಹಿಡಿದ ತೋಳು, ನೋವಿಗೆ ದಿನಾ ಬೆಚ್ಚಗೆ ಎಣ್ಣೆ ತಿಕ್ಕುತ್ತಾರೆ. ಇವರ ಕೈ ಬೆಣ್ಣೆಯಲ್ಲೇ ಇರುವುದು.

ಬಿಸಿಯೂ ಅಲ್ಲ, ತಂಪೂ ಅಲ್ಲ. ಪಸೆ. ಪಸೆಯಿದ್ದರೆ ಜೇನು ನಿಲ್ಲುತ್ತದೆ. ಒಣಗಿದ ಚರ್ಮದಿಂದ ಜೇನು ಹಾರಿಹೋಗುತ್ತದೆ, ಬೋಳ ಒಂದೇ ಉಳಿಯುತ್ತದೆ. ನಾವು ಲ್ಯಾಬಿನವರು ಸ್ಪಿರಿಟಿನಲ್ಲಿ ಉಜ್ಜಿ ಉಜ್ಜಿ ಕೈಯನ್ನು ಸೌದೆ ಮಾಡಿಕೊಂಡು, ಆ ಸೌದೆಯ ಮೇಲೆ ಪರೀಕ್ಷೆ ನಡೆಸುತ್ತಿದ್ದೇವೆ. ಮೂಗು ಕೆಡಬಾರದೆಂದು ಕೈ ಕೆಡಿಸಿಕೊಂಡೆವು. ಹಚ್ಚಿಕೊಳ್ಳುವ ಜನ ಹಾಗೆ ಉಜ್ಜಿಕೊಂಡು ಬರುತ್ತಾರೆಯೇ?

ನಾದಿನಿಯ ಬಲಗೈಗೆ ವಾಸನೆಯಿಲ್ಲದ ಎಣ್ಣೆ ತಿಕ್ಕಿ, ಇಂಗಿದ ಮೇಲೆ ಎರಡೂ ಕೈಗೆ ಹದಿನೇಳನ್ನು ಹಚ್ಚಿದೆ. ಕಾದೆವು. ಎಡಗೈ ಕಹಿ. ಬಲಗೈ ಜೇನು.

ಅವಳು ಬಲಗೈಯನ್ನು ಮುಖದಿಂದ ಇಳಿಸಲೇ ಇಲ್ಲ. "ಅತ್ತಿಗೇ, ಇದು ನನ್ ಕೈನೇನಾ? ಯಾರೋ ಚೆಂದದವಳದ್ದು ಅನ್ನಿಸ್ತಿದೆ!"

ಮಾರ್ಚ್ 13

ದೊಡ್ಡಮೂಗಿಗೆ ಎಲ್ಲ ಹೇಳಿದೆ. ಒಂದು ಕೈ ಕೊಡಿ ಸರ್, ಎಣ್ಣೆ ತಿಕ್ಕಿ ತೋರಿಸ್ತೀನಿ, ಒಂದೇ ಕೈ, ಎಂದು ಬೇಡಿದೆ.

"ಲ್ಯಾಬಲ್ಲಿ ಎಣ್ಣೆನಾ? ನಾನು ಸೇರಿದಾಗಿನಿಂದ ಈ ಕೈ ಮೇಲೆ ಸ್ಪಿರಿಟ್ ಬಿಟ್ಟು ಬೇರೇನೂ ಬಿದ್ದಿಲ್ಲ. ಆಯ್ಕೆ ದಿನ ನೀವೇ ಹಚ್ಕೊಂಡು ಬರ್ತೀರಲ್ಲ? ನಿಮ್ ಕೈನೇ ಹೇಳ್ಲಿ."

ನಿಂಬೆಹಣ್ಣು: "ಎಣ್ಣೆ ಹಾಕಿದ್ಮೇಲೆ ಬಾಣಲೇಲೂ ಇಡಿ ಮೇಡಂ."

ಎಣ್ಣೆಯ ಸೀಸೆಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ: ಎಣ್ಣೆ ತಿಕ್ಕಿ ನನಗೇ ಹಚ್ಚಿಕೊಂಡು ನೋಡಿದೆ. ಕಹಿ. ಮತ್ತೆ ಎಣ್ಣೆ. ಕಹಿ! ಎಷ್ಟು ಹಾಕಿದರೂ ಈ ಹಾಳು ಚರ್ಮ ಕುಡಿದು ಕೂರುತ್ತದೆ. ನಾದಿನಿ ಈಜು ಸೇರಿದ್ದು ಮೊನ್ನೆ ಮೊನ್ನೆ. ನನ್ನದು ಹಳೇ ಬರಗಾಲ.

ಭಯವಾಗುತ್ತಿದೆ. ಕಾರಣ ಗೊತ್ತಾಗಿಯೂ ಸೋತರೆ ಆ ಸಂಕಟ ತಡೆಯಲಾರೆ.

ಮಾರ್ಚ್ 14

ಆಯ್ಕೆಯ ದಿನದವರೆಗೂ ರಜೆ ಹಾಕಿದೆ. ಅತ್ತೆ ಚಾರ್ಜು ತಗೊಂಡಿದ್ದಾರೆ. ಸೋಪು ಬಂದ್. ಪಾತ್ರೆ ಬಂದ್. ಬೆಳಿಗ್ಗೆ ಸಂಜೆ ತಿಕ್ಕಾಟ. ಕುರ್ಚಿಯಲ್ಲಿ ಕೂರಿಸಿ, ತೋಳು ಚಾಚಿಸಿ, "ಅಲ್ಲಾಡ್ಬೇಡ, ಸ್ಟಾಪು ಬರೋವರೆಗೂ ಇಳಿಯೋ ಹಾಗಿಲ್ಲ" ಎನ್ನುತ್ತಾರೆ.

ಎಡಗೈ ಮಾತ್ರ ಕೊಡಲಿಲ್ಲ. ಅದನ್ನು ದಿನಾ ಲ್ಯಾಬಿನ ಸೋಪಿನಲ್ಲೇ ಉಜ್ಜುತ್ತೇನೆ. ಬಲಗೈಯ ಜೇನು ಎಣ್ಣೆಯಿಂದ ಬಂದದ್ದೆಂದು ಗೊತ್ತಾಗಬೇಕಾದರೆ ಪಕ್ಕದಲ್ಲಿ ಕಹಿಯೂ ಇರಬೇಕು. ಅತ್ತೆಗೆ ಸಿಟ್ಟು. "ಇದೇನಿದು, ಒಂದು ಕೈ ಮಗಳು, ಒಂದು ಕೈ ಸೊಸೆನಾ?"

ಬರೆಯುವ ಕೈಗೇ ಎಣ್ಣೆ. ಪೆನ್ನು ಜಾರುತ್ತ

ಮಾರ್ಚ್ 27, ಮಧ್ಯಾಹ್ನ

ಇಷ್ಟು ದಿನ ಬರೆಯಲಾಗಲಿಲ್ಲ. ಪುಟವೆಲ್ಲ ಎಣ್ಣೆಯ ಕಲೆ.

ಬಲತೋಳಿನ ಮೇಲೆ ಉಗುರು ಎಳೆದೆ. ಗೆರೆ ಇಲ್ಲ. ಪರಿಮಳ ಹಚ್ಚಿ ನೋಡು ಎಂದು ಇವರು ಗಂಟು ಬಿದ್ದರು. ಒಲ್ಲೆ. ಇವತ್ತೇ ಕಹಿ ಬಂದರೆ ನಾಳೆ ಆ ಬಾಗಿಲು ದಾಟುವ ಧೈರ್ಯ ಬರುವುದಿಲ್ಲ.

ಮಾರ್ಚ್ 28, ಸಂಜೆ, ಬಸ್ಸಿನಲ್ಲಿ

ಗೆದ್ದೆ. ಗೆದ್ದೆ. ಗೆದ್ದೆ.

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕೂಗಿಬಿಡುತ್ತೇನೆ, ಬಸ್ಸಿನವರು ಇಳಿಸಿಬಿಡುತ್ತಾರೆ.

ಉದ್ದದ ಮೇಜು. ತುದಿಯಲ್ಲಿ ಕಂಪನಿಯ ಒಡತಿ — ಎಲ್ಲರೂ ಅಮ್ಮಾವ್ರು ಎನ್ನುತ್ತೇವೆ. ಪಕ್ಕದಲ್ಲಿ ದೊಡ್ಡಮೂಗು, ಆಮೇಲೆ ಪ್ಯಾನಲ್. ಮೊದಲು ನಿಂಬೆಹಣ್ಣು ಹೋದ. ಉಜ್ಜಿ ಉಜ್ಜಿ ಕೆಂಪಾದ ಕೈ. ಅಮ್ಮಾವ್ರು ಮೂಸಿದರು, ಮತ್ತೆ ಮೂಸಿದರು. "ಏನಪ್ಪಾ, ಹಚ್ಕೊಳ್ಳೋದು ಮರೆತ್ಯಾ?" ಅವನ ಮುಖ ಹುಳ್ಳಗಾಯಿತು. ಪಾಪ ಅನ್ನಿಸಿತು. ಸ್ವಲ್ಪವೇ.

ನನ್ನ ಸರದಿ. ಎರಡೂ ಕೈಗೆ ಹಚ್ಚಿಕೊಂಡು ಹೊರಗೆ ಅರ್ಧ ಗಂಟೆ ನಿಂತಿದ್ದೆ, ಕೈಗಳನ್ನು ಮೂಗಿನಿಂದ ದೂರ ಹಿಡಿದು. ಮೂಸಲೇ ಇಲ್ಲ. ಒಳಗೆ ಹೋದೆ.

"ಮೊದಲು ಎಡಗೈ," ಅಂದೆ.

ದೊಡ್ಡಮೂಗು ಬಾಗಿದರು. "ಹೇಳ್ಲಿಲ್ವಾ ಅಮ್ಮಾವ್ರೇ? ಔಷಧಿ ಅಂಗಡಿ."

"ಈಗ ಬಲಗೈ."

ಬಾಗಿದರು. ಏಳಲಿಲ್ಲ. ಆ ದೊಡ್ಡ ಮೂಗು ನನ್ನ ಮಣಿಕಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಎಡಗೈಗೆ ಹೋದರು, ಬಲಗೈಗೆ ಬಂದರು, ಮತ್ತೆ ಎಡಕ್ಕೆ. ಅಷ್ಟರಲ್ಲಿ ಅದು ನನಗೂ ತಲುಪಿತು. ಮೇಜಿನ ಆ ಕಡೆಯವರೆಗೂ ಹರಡಿತ್ತು. ಜೇನು! ನನ್ನ ಮೈಯಿಂದ! ಅತ್ತೆಯ ಕೈಯಲ್ಲಿದ್ದದ್ದಕ್ಕಿಂತ ತೆಳ್ಳಗೆ, ಇವರದ್ದಕ್ಕಿಂತ ಕಡಿಮೆ ಸಿಹಿ, ಹಿಂದೆ ಬೋಳದ ಹೊಗೆ. ಬೇರೆ ಯಾರದ್ದೂ ಅಲ್ಲ, ನನ್ನದು.

ಅಮ್ಮಾವ್ರು ನನ್ನ ಕೈ ಎಳೆದುಕೊಂಡು ಮೂಸಿದರು, ಬಿಡಲಿಲ್ಲ. "ಈ ಕೈನ ನಾನು ಮನೆಗೆ ತಗೊಂಡ್ ಹೋಗ್ತೀನಿ," ಅಂದರು. ಎಲ್ಲರೂ ನಕ್ಕರು. ಪ್ಯಾನಲ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಮೂಸಿದರು. ಎಡ, ಬಲ, ಎಡ, ಬಲ. ನಾನು ರಾಣಿಯ ಹಾಗೆ ಕೈ ಚಾಚಿ ನಿಂತಿದ್ದೆ. ಎಷ್ಟು ಸುಖವಾಗಿತ್ತೆಂದು ಇಲ್ಲಿ ಬರೆಯಲು ನನಗೇನೂ ನಾಚಿಕೆ ಇಲ್ಲ.

ದೊಡ್ಡಮೂಗು ಮಾತ್ರ ನಗಲಿಲ್ಲ. ಗಾಜಿನ ಗೋಡೆಯಾಚೆ ತಿರಸ್ಕಾರದ ಕಪಾಟು ಕಾಣುತ್ತದೆ. ಅದನ್ನೇ ನೋಡುತ್ತಾ, "ಹಾಗಾದ್ರೆ ಇಷ್ಟು ವರ್ಷ ನಾವು ಬೇಡ ಅಂದಿದ್ದೆಲ್ಲ..." ಅಂದರು. ಆಮೇಲೆ ಷರ್ಟಿನ ತೋಳು ಮಡಚಿ ಬಲಗೈ ನನ್ನ ಮುಂದೆ ಚಾಚಿದರು. ಉಗುರು ತಾಗಿದ ಕಡೆಯೆಲ್ಲ ಬಿಳಿ ಗೆರೆ.

"ಎಣ್ಣೆ ಎಲ್ಲಿದೆ?"

ನನ್ನ ಬ್ಯಾಗಿನಿಂದ ಎಣ್ಣೆಯ ಸೀಸೆ ತರಲು ಓಡಿದವನು ನಿಂಬೆಹಣ್ಣು.

ಮನೆ ತಲುಪಿದ ಮೇಲೆ

ಅತ್ತೆಗೆ ಹೇಳಿದೆ. ಕಣ್ಣು ಒರೆಸಿಕೊಂಡು, ಏನೂ ಆಗದವರ ಹಾಗೆ, "ಸರಿ, ಎಡಗೈ ಕೊಡು," ಅಂದರು.

ಏಪ್ರಿಲ್ 21, ಬೆಳಿಗ್ಗೆ, ನನ್ನ ಮೇಜು

ನನ್ನ ಮೇಜು! ಕಾಯಂ. ಹದಿನೇಳು ಕಾರ್ಖಾನೆಗೆ ಹೋಗಿದೆ. ಗೋಡೆಯ ಬೋರ್ಡು ಇಳಿದಿದೆ. ಪ್ಯಾನಲ್‌ನವರ ಕೈಯೆಲ್ಲ ಮಿರಮಿರ, ಬಾಗಿಲ ಹಿಡಿಗಳೆಲ್ಲ ಜಾರುತ್ತವೆ. ನಿಂಬೆಹಣ್ಣಿನ ಕೈಯಲ್ಲಿ ನಿಂಬೆ ಮಧ್ಯಾಹ್ನದವರೆಗೂ ನಿಲ್ಲುತ್ತಿದೆ. ಹದಿನೇಳನ್ನು ಕದ್ದು ಹಚ್ಚಿಕೊಂಡಿದ್ದ ದಿನ ಒಳ್ಳೆಯ ಮನುಷ್ಯನ ಹಾಗೆ ಪರಿಮಳಿಸುತ್ತಿದ್ದ. ಹಾಗೆಂದು ಹೇಳಿಯೂಬಿಟ್ಟೆ.

ಇವತ್ತು ತಿರಸ್ಕಾರದ ಕಪಾಟು ತೆರೆದಿದ್ದಾರೆ. ಮೊದಲು ಇಳಿದದ್ದು ಮೇಲಿನ ಮೂಲೆಯ ಸೀಸೆ. ದೊಡ್ಡಮೂಗು ಯಾರಿಗೂ ಮುಟ್ಟಲು ಬಿಡಲಿಲ್ಲ. ತಾವೇ ಧೂಳು ಒರೆಸಿ, ಬಲಗೈಗೆ ಹಚ್ಚಿಕೊಂಡು, ನನ್ನ ಮೇಜಿನೆದುರು ಬಂದು ಕೂತಿದ್ದಾರೆ. ಕಾಯುವ ಅರ್ಧ ಗಂಟೆ. ಬೇಡವೆಂದರೂ ಅವರಿಗೆ ಟೀ ತರಿಸಿದೆ, ಕುಡಿದರು!

ಹೊತ್ತಾಯಿತು. ಕೈ ಎತ್ತಿದರು. ಮೂಸಿದರು. ಕಣ್ಣು ಮುಚ್ಚಿದರು. ಈಗ ಆ ಕೈಯನ್ನು ನನ್ನ ಕಡೆ ಚಾಚುತ್ತಿದ್ದಾರೆ — "ನೋಡ್ರೀ, ನಂಗೊಬ್ಬನಿಗೇ ಹೀಗನ್ನಿಸ್ತಿದೆಯೋ ಏನೋ..." — ಬಾಗಿ ಮೂಸಿದೆ, ಅಯ್ಯೋ ಸರ್, ಇದು ಎಷ್ಟು ಚೆನ್ನಾಗಿದೆ, ಇದನ್ನಾ ಬೇಡ ಅಂದಿದ್ದು!