ತೆಂಗಿನೆಣ್ಣೆ ಮುಚ್ಚಿಟ್ಟ ಬಿರುಕು

ಅಪ್ಪಯ್ಯಾ,

ನೀವಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನೀವಿನ್ನು ಬೈಯಲಾರಿರಿ ಎಂದು ಗೊತ್ತಿದ್ದೂ ಹೆದರಿಕೆ ಹೋಗುವುದಿಲ್ಲ ನೋಡಿ.

ಆಯುಧಪೂಜೆಯ ಆ ಬೆಳಿಗ್ಗೆ ನೆನಪಿದೆಯೇ? ವರ್ಷಕ್ಕೊಮ್ಮೆ ಕೋವಿಯ ಮರದ ಹಿಡಿಗೆ ನೀವೇ ತೆಂಗಿನೆಣ್ಣೆ ತಿಕ್ಕುತ್ತಿದ್ದಿರಿ. ಅಂದು "ಹೆಣೆ, ಕೋವಿ ಮುಟ್ಬೇಡ" ಎಂದು ನನಗೆ ಹೇಳಿ ಹೂ ಕೊಯ್ಯಲು ಹೋದಿರಿ. ನಾನು ಮುಟ್ಟಿದೆ. ಎಣ್ಣೆಗೆ ಜಾರಿ ಅದು ಮೆಟ್ಟಿಲ ಕಲ್ಲಿಗೆ ಬಡಿಯಿತು. ಹಿಡಿಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮಡಕೆಯ ತೂತಿಗೆಂದು ಅಮ್ಮ ಕೋಲಿಗೆ ಸುತ್ತಿಟ್ಟಿದ್ದ ಹಲಸಿನ ಮೇಣಕ್ಕೆ ದೀಪದ ಮಸಿ ಸೇರಿಸಿ ಮೆತ್ತಿದೆ. ಮೇಲಿಂದ ಇನ್ನಷ್ಟು ತೆಂಗಿನೆಣ್ಣೆ. ನೀವು ಬಂದು ಅದಕ್ಕೇ ಕುಂಕುಮವಿಟ್ಟು ಕೈಮುಗಿದಿರಿ.

ಹಂದಿ ಓಡಿಸಲು ನೀವು ಕೋವಿ ಹಿಡಿದು ಗದ್ದೆಗೆ ಹೊರಟಾಗಲೆಲ್ಲ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಎಂತಕ್ ನಿಂತ್ಕಂಡಿದ್ದೆ? ಒಳಗ್ ಹೋಗ್" ಎನ್ನುತ್ತಿದ್ದಿರಿ. ಈಡಿನ ಸದ್ದು ಕೇಳಿಸಿದ ಮೇಲೆ ನಿಮ್ಮ ಕೆಮ್ಮು ಕೇಳಿಸುವವರೆಗೆ ನನಗೆ ಉಸಿರಿರುತ್ತಿರಲಿಲ್ಲ. ಹಿಡಿ ಮುರಿದು ಮುಖಕ್ಕೆ ಬಡಿದರೆ... ಹೇಳಿಬಿಡಬೇಕಿತ್ತು. ಆದರೆ ಮೊದಲ ವರ್ಷ ಹೇಳದವಳು ಹತ್ತನೆಯ ವರ್ಷ ಯಾವ ಬಾಯಲ್ಲಿ ಹೇಳುವುದು? ಕೊನೆಗೆ ಜ್ವರ ನಿಮ್ಮನ್ನು ಕೊಂಡೊಯ್ದ ದಿನ, ಅಷ್ಟು ಅಳುವಿನ ನಡುವೆಯೂ ನನಗೊಂದು ಸಮಾಧಾನವಾಯಿತು. ಕೋವಿಯಿಂದ ಅಲ್ಲವಲ್ಲ ಎಂದು. ಎಂಥ ಮಗಳು ನಾನು.

ಮೊನ್ನೆ ಲೈಸೆನ್ಸ್ ತಮ್ಮನ ಹೆಸರಿಗಾಯಿತು. ಹಿಡಿ ಅಂಟಂಟು ಎಂದು ಗೊಣಗಿದ. ಗಂಡನ ಜೊತೆ ಮಂಚ ಮಾಡುವ ಕೆಲಸದಲ್ಲಿ ಪಾಲಿಶ್ ಕಲಿತವಳಲ್ಲವೇ, ನಾನೇ ಮುಂದೆ ಬಿದ್ದು ಬಿಜೂರಿನ ತವರಿಗೆ ಬಂದೆ. ಬೇರೆಯವರ ಕೈಗೆ ಅದು ಸಿಗಬಾರದಿತ್ತು. ಬರುವಾಗ ಕೋಟೇಶ್ವರದ ಬಣ್ಣದಂಗಡಿಯವರು, "ತೆಂಗಿನೆಣ್ಣೆ ಒಣ್ಗುದಿಲ್ಲ ಮಾರ್ರೆ, ಮರ ಮೆತ್ತಗಾತ್ತ್. ಅಗಸೆ ಎಣ್ಣೆ ಹಾಕಿ" ಎಂದು ಸೀಸೆ ಕೊಟ್ಟಿದ್ದರು. ಹಿಡಿಯನ್ನು ಬಿಚ್ಚಿ ಮರಳುಕಾಗದದಲ್ಲಿ ಉಜ್ಜಿದೆ. ಕಪ್ಪು ಜಿಡ್ಡು ಹೋದಂತೆ ನನ್ನ ಬಿರುಕು ಹೊರಬಂತು. ಕೂದಲೆಳೆಯಲ್ಲ, ಈಗ ಬೆರಳುದ್ದ. ಏನು ಮಾಡಿದೆ ಗೊತ್ತೇ? ಮತ್ತೆ ಮೇಣ ಮೆತ್ತಿ, ಅಗಸೆ ಎಣ್ಣೆ ಹಚ್ಚಿದೆ.

ಒಣಗಿದ ಹಿಡಿ ನೋಡಿ ತಮ್ಮನ ಮುಖ ಅರಳಿತು. "ಲಾಯ್ಕಾಯ್ತ್ ಅಕ್ಕ. ನಾಳೆ ಬಯ್ಗಿಗೇ ಗದ್ದಿಗ್ ಹೋಪುದ್" ಎಂದ. ಮತ್ತೆ ಬಾಗಿಲಲ್ಲಿ ನಿಲ್ಲುವುದೇ? ಅವನ ಹೆಬ್ಬೆರಳು ಹಿಡಿದು ಮೇಣದ ಮೇಲೆ ಒತ್ತಿದೆ. ಅದು ಒಳಗೆ ಕುಸಿಯಿತು. ಆಮೇಲೆ ಎಲ್ಲ ಹೇಳಿದೆ. ಹೆಬ್ಬೆರಳಿಗಂಟಿದ ಮೇಣ ಒರೆಸುತ್ತ, "ಅಪ್ಪಯ್ಯ ಇದ್ರಲ್ಲೇ ಈಡ್ ಹೊಡಿತಿದ್ರಾ?" ಎಂದನಷ್ಟೇ.

ಕೋವಿಗೀಗ ಹೊಸ ಹಿಡಿ ಬರುತ್ತದೆ, ಅಪ್ಪಯ್ಯ. ಅಲ್ಲಿಯವರೆಗೆ ತಮ್ಮ ಅದನ್ನು ಮುಟ್ಟುವುದಿಲ್ಲ. ಹಳೆಯದನ್ನು ಒಲೆಗೆ ಹಾಕು ಎಂದ, ನಾನು ಹಾಕಲಿಲ್ಲ. ನಿಮ್ಮ ಕೆನ್ನೆ ಒತ್ತಿ ಒತ್ತಿ ಅದರಲ್ಲೊಂದು ಕಡೆ ಸವೆದು ನುಣುಪಾಗಿದೆ. ಇವತ್ತು ಅಲ್ಲಿ ನನ್ನ ಕೆನ್ನೆ ಇಟ್ಟು ನೋಡಿದೆ. ಬಿರುಕು ಕಣ್ಣಿಗೆ ನಾಲ್ಕೇ ಬೆರಳು ದೂರ.